ನೇತ್ರವೈದ್ಯರ ಶಿಕ್ಷಣದಲ್ಲಿ ಚರ್ಮರೋಗಶಾಸ್ತ್ರದ ಸ್ಥಾನ

೧

ವೈದ್ಯಶಾಸ್ತ್ರವು ಅಂಗಾಂಗಗಳಿಗನುಸಾರವಾಗಿ ಕವಲೊಡೆದು ಬೆಳೆದುದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಕಾರ್ಯ. ಕಣ್ಣಿಗೆ ಬೇರೆ ವೈದ್ಯ, ಚರ್ಮಕ್ಕೆ ಬೇರೆ ವೈದ್ಯ, ಒಬ್ಬೊಬ್ಬನಿಗೂ ಬೇರೆ ಆಸ್ಪತ್ರೆ, ಬೇರೆ ಪೀಠ, ಬೇರೆ ಪತ್ರಿಕೆ ಎಂಬ ಏರ್ಪಾಡು ಆ ಕಾಲದಲ್ಲಿಯೇ ನೆಲೆಗೊಂಡಿತು. ಇದರಿಂದಾದ ಲಾಭವು ಅಪಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ರೋಗವು ವಿದ್ವಾಂಸರು ಹಾಕಿಕೊಂಡ ಗಡಿಗಳನ್ನು ಮನ್ನಿಸುವುದಿಲ್ಲ. ಮುಖದ ಮೇಲೆ ದದ್ದಾಗಿ ತೋರಿದುದು ವಾರ ಕಳೆಯುವಷ್ಟರಲ್ಲಿ ಕಣ್ಣನ್ನು ಕೆಡಿಸಬಹುದು. ಕಣ್ಣಿನಲ್ಲಿ ತೋರಿದ ಕೆಂಪಿಗೆ ಕಾರಣವು ಬಾಯಿಯ ಹುಣ್ಣಿನಲ್ಲಿಯೋ ಚರ್ಮದ ಮಚ್ಚೆಯಲ್ಲಿಯೋ ಅಡಗಿರಬಹುದು. ಆದುದರಿಂದ ನೇತ್ರವೈದ್ಯನಾಗತಕ್ಕವನು ಚರ್ಮರೋಗಗಳನ್ನು ಎಷ್ಟರಮಟ್ಟಿಗೆ ಕಲಿತಿರಬೇಕು, ಮತ್ತು ಆ ಕಲಿಕೆಯು ಯಾವ ರೀತಿಯದಾಗಿರಬೇಕು ಎಂಬ ಪ್ರಶ್ನೆಯು ಎರಡು ಶಾಸ್ತ್ರಗಳೂ ಬೇರೆಯಾದ ದಿನದಿಂದಲೇ ಹುಟ್ಟಿಕೊಂಡಿತು. ಆ ಪ್ರಶ್ನೆಯ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಕಣ್ಣಿಗೂ ಚರ್ಮಕ್ಕೂ ಇರುವ ನಂಟು ಕೇವಲ ನೆರೆಹೊರೆಯ ನಂಟಲ್ಲ. ಕಣ್ಣಿನ ರೆಪ್ಪೆಯು ಚರ್ಮದ ಮಡಿಕೆಯೇ ಸರಿ. ದೇಹದ ಚರ್ಮದಲ್ಲೆಲ್ಲ ಅತ್ಯಂತ ತೆಳುವಾದುದು ಅದು. ಜರ್ಮನಿಯ ಹೈನ್ರಿಕ್ ಮೈಬೋಮ್ ಎಂಬವನು ೧೬೬೬ರಲ್ಲಿ ವರ್ಣಿಸಿದ ರೆಪ್ಪೆಯ ಗ್ರಂಥಿಗಳು ಚರ್ಮದಲ್ಲಿ ಎಣ್ಣೆಯನ್ನು ಸ್ರವಿಸುವ ಗ್ರಂಥಿಗಳ ರೂಪಾಂತರಗಳು. ಗರ್ಭಸ್ಥ ಪಿಂಡದ ಯಾವ ಹೊರಪದರದಿಂದ ಹೊರಚರ್ಮವು ಹುಟ್ಟುವುದೋ ಅದೇ ಪದರದಿಂದಲೇ ಕಾರ್ನಿಯಾ ಎಂಬ ಪಾರದರ್ಶಕ ಪಟಲದ ಮೇಲುಹೊದಿಕೆಯೂ ಕಣ್ಣಿನೊಳಗಣ ಮಸೂರವೂ ಹುಟ್ಟುತ್ತವೆ. ಹೀಗಿರುವಲ್ಲಿ ಒಂದರ ವಿಕಾರವು ಇನ್ನೊಂದರಲ್ಲಿ ತೋರುವುದು ಆಶ್ಚರ್ಯವಲ್ಲ.

ಭಾರತೀಯ ವೈದ್ಯದಲ್ಲಿ ಕಣ್ಣಿನ ಚಿಕಿತ್ಸೆಯು ಶಾಲಾಕ್ಯವೆಂಬ ಪ್ರತ್ಯೇಕವಾದ ಅಂಗಕ್ಕೆ ಸೇರಿದುದಾದರೂ ಗ್ರಂಥಗಳು ಬೇರೆಯಾಗಿರಲಿಲ್ಲ. ಸುಶ್ರುತ ಸಂಹಿತೆಯ ನಿದಾನ ಚಿಕಿತ್ಸಾ ಸ್ಥಾನಗಳಲ್ಲಿ ಹದಿನೆಂಟು ಬಗೆಯ ಕುಷ್ಠಗಳು ಹೇಳಲ್ಪಟ್ಟಿವೆ. ಉತ್ತರತಂತ್ರದ ಆರಂಭದಲ್ಲಿ ಎಪ್ಪತ್ತಾರು ನೇತ್ರರೋಗಗಳು ಎಣಿಸಲ್ಪಟ್ಟಿವೆ. ಈ ಎಪ್ಪತ್ತಾರರಲ್ಲಿ ಇಪ್ಪತ್ತೊಂದು ವರ್ತ್ಮದವು, ಎಂದರೆ ರೆಪ್ಪೆಯವು. ಕಣ್ಣಿನ ಬೇರಾವ ಭಾಗಕ್ಕೂ ಇಷ್ಟು ರೋಗಗಳನ್ನು ಸುಶ್ರುತನು ಹೇಳಿಲ್ಲ. ನೇತ್ರರೋಗಗಳ ಕಾಲುಭಾಗಕ್ಕೂ ಮಿಕ್ಕಿದುದು ಚರ್ಮದ ಮಡಿಕೆಯಲ್ಲಿಯೇ ನೆಲಸಿದೆಯೆಂಬ ಈ ಗಣನೆಯು ಗಮನಾರ್ಹವಾದುದು.

೨

ಯೂರೋಪಿನಲ್ಲಿಯೂ ಎರಡು ಶಾಸ್ತ್ರಗಳು ಮೊದಲು ಒಂದೇ ಲೇಖನಿಯಿಂದ ಹೊರಟುವು. ವಿಯೆನ್ನದ ಯೋಸೆಫ್ ಯಾಕೋಬ್ ಪ್ಲೆಂಕ್ ಎಂಬ ಪಂಡಿತನು ೧೭೭೬ರಲ್ಲಿ ಚರ್ಮರೋಗಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ರೋಗಗಳನ್ನು ಕಣ್ಣಿಗೆ ಕಾಣುವ ಲಕ್ಷಣಗಳಿಂದ, ಎಂದರೆ ಕಲೆ, ಗುಳ್ಳೆ, ಬೊಬ್ಬೆ, ಹೊಪ್ಪಳೆ, ಹುಣ್ಣು ಮುಂತಾದ ಭೇದಗಳಿಂದ, ಹದಿನಾಲ್ಕು ವರ್ಗಗಳಾಗಿ ವಿಂಗಡಿಸಿದುದು ಆ ಗ್ರಂಥದ ವಿಶೇಷ. ಮರುವರ್ಷವೇ, ೧೭೭೭ರಲ್ಲಿ, ನೇತ್ರರೋಗಗಳನ್ನು ಕುರಿತ ಅವನ ಗ್ರಂಥವು ಹೊರಬಿದ್ದಿತು. ಒಬ್ಬನೇ ಗ್ರಂಥಕರ್ತನು ಎರಡು ವಿಷಯಗಳನ್ನೂ ಒಂದು ವರ್ಷದ ಅಂತರದಲ್ಲಿ ಶಾಸ್ತ್ರರೂಪಕ್ಕೆ ತರುವುದು ಆಗ ಅಸಾಧ್ಯವಾಗಿರಲಿಲ್ಲ.

ಮುಂದಿನ ಎರಡು ತಲೆಮಾರುಗಳಲ್ಲಿ ಸ್ಥಿತಿಯು ಬದಲಾಯಿತು. ಅದೇ ವಿಯೆನ್ನದಲ್ಲಿ ೧೮೧೨ರಲ್ಲಿ ಗೆಯೋರ್ಗ್ ಯೋಸೆಫ್ ಬೇರ್ ಎಂಬವನು ನೇತ್ರರೋಗಗಳ ಪ್ರಾಧ್ಯಾಪಕನಾದನು. ಫೆರ್ಡಿನಾಂಡ್ ಹೆಬ್ರಾ ಎಂಬವನು ೧೮೪೧ರಲ್ಲಿ ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಕಜ್ಜಿಯ ರೋಗಿಗಳಿಗೆ ಬಿಟ್ಟಿದ್ದ, ಯಾರೂ ಬಯಸದಿದ್ದ ವಾರ್ಡಿನಲ್ಲಿ ಕೆಲಸಕ್ಕೆ ತೊಡಗಿ, ಅದನ್ನೇ ಲೋಕಪ್ರಸಿದ್ಧವಾದ ಚರ್ಮರೋಗ ವಿದ್ಯಾಶಾಲೆಯನ್ನಾಗಿ ಮಾಡಿದನು. ಎರಡು ಶಾಖೆಗಳಿಗೂ ಬೇರೆ ಬೇರೆ ಗುರುಗಳು, ಬೇರೆ ಬೇರೆ ಶಿಷ್ಯಪರಂಪರೆ ಏರ್ಪಟ್ಟುವು. ದೇಶವಿದೇಶಗಳಿಂದ ವಿಯೆನ್ನಕ್ಕೆ ಬಂದ ತರುಣ ವೈದ್ಯರು ಇಷ್ಟಪಟ್ಟಲ್ಲಿ ಎರಡೂ ಕಡೆ ಪಾಠ ಕೇಳಬಹುದಾಗಿದ್ದಿತು. ಆದರೆ ಕೇಳಲೇಬೇಕೆಂಬ ನಿಯಮವು ಸಡಿಲಿತು.

ಹೀಗೆ ಬೇರ್ಪಟ್ಟ ಕಾಲದಲ್ಲಿಯೂ ಚರ್ಮರೋಗಶಾಸ್ತ್ರದ ಕೆಲವು ಮುಖ್ಯ ಸಂಗತಿಗಳು ನೇತ್ರವೈದ್ಯರಿಂದಲೇ ಬೆಳಕಿಗೆ ಬಂದುವೆಂಬುದು ವಿಚಾರಾರ್ಹ. ಡಬ್ಲಿನ್ನಿನ ಆರ್ಥರ್ ಜೇಕಬ್ ಎಂಬವನು ರೆಟಿನಾ ಪಟಲದ ಒಂದು ಪದರವನ್ನು ೧೮೧೯ರಲ್ಲಿ ವರ್ಣಿಸಿ ಹೆಸರು ಪಡೆದಿದ್ದ ನೇತ್ರವೈದ್ಯ. ೧೮೨೭ರಲ್ಲಿ ಇವನು ರೆಪ್ಪೆಗಳನ್ನು ಹಿಡಿಯುವ ಒಂದು ವಿಚಿತ್ರ ಸ್ವಭಾವದ ಹುಣ್ಣನ್ನು ವಿವರಿಸಿದನು. ಅದು ಮೆಲ್ಲಮೆಲ್ಲನೆ ಹಬ್ಬುವುದು, ವರ್ಷಗಟ್ಟಲೆ ನೋವಿಲ್ಲದೆ ಇರುವುದು, ಇತರ ಅರ್ಬುದಗಳಂತೆ ದೂರದ ಅಂಗಗಳಿಗೆ ಹರಡದೆ ನೆರೆಯ ಮಾಂಸವನ್ನು ಮಾತ್ರ ಕೊರೆಯುತ್ತ ಹೋಗುವುದು. ಇಲಿ ಕಡಿದಂತೆ ಕಾಣುವ ಆ ವ್ರಣವು ಬಹುಕಾಲ ಜೇಕಬನ ಹುಣ್ಣೆಂದೇ ಕರೆಯಲ್ಪಟ್ಟಿತು. ಇಂದು ಚರ್ಮದ ತಳಕೋಶಗಳ ಅರ್ಬುದವೆಂದು ಪ್ರಸಿದ್ಧವಾಗಿರುವುದು ಅದೇ. ಇನ್ನೊಂದು ನಿದರ್ಶನವು ಮ್ಯೂನಿಕ್ಕಿನದು. ಅಲ್ಲಿಯ ನೇತ್ರವೈದ್ಯನಾದ ಆಗುಸ್ಟ್ ರೋಟ್‌ಮುಂಡನು ೧೮೬೮ರಲ್ಲಿ, ಆಲ್ಪ್ಸ್ ಪರ್ವತದ ಒಂದು ಏಕಾಂತ ಕಣಿವೆಯ ಮಕ್ಕಳಲ್ಲಿ ಎಳೆವಯಸ್ಸಿಗೇ ಕಣ್ಣಿನ ಪೊರೆ ಬರುವುದನ್ನು ಕಂಡನು. ಪೊರೆಯನ್ನು ನೋಡಿ ಸುಮ್ಮನಾಗದೆ ಅವನು ಆ ಮಕ್ಕಳ ಕೆನ್ನೆ ಕೈಕಾಲುಗಳನ್ನೂ ನೋಡಿದುದರಿಂದ, ಚರ್ಮವು ತೆಳುವಾಗಿ ಬಣ್ಣಗೆಟ್ಟು ಜಾಲದಂತಾಗುವ ಒಂದು ಆನುವಂಶಿಕ ವ್ಯಾಧಿಯು ಲೋಕಕ್ಕೆ ತಿಳಿದುಬಂದಿತು. ಅದಕ್ಕೆ ಈಗಲೂ ಅವನ ಹೆಸರು ಸೇರಿದೆ.

೩

ಎರಡು ಶಾಸ್ತ್ರಗಳನ್ನೂ ಒಂದೇ ಬುದ್ಧಿಯಲ್ಲಿ ಧರಿಸಿದವರೊಳಗೆ ಅಗ್ರಗಣ್ಯನು ಇಂಗ್ಲೆಂಡಿನ ಜೊನಾಥನ್ ಹಚಿನ್‌ಸನ್ನನು. ಇವನು ೧೮೨೮ರಲ್ಲಿ ಯಾರ್ಕ್‌ಷೈರಿನ ಸೆಲ್ಬಿ ಎಂಬ ಊರಿನಲ್ಲಿ ಹುಟ್ಟಿದನು, ೧೯೧೩ರಲ್ಲಿ ತೀರಿಕೊಂಡನು. ಲಂಡನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾಗಿದ್ದುದಲ್ಲದೆ ಮೂರ್‌ಫೀಲ್ಡ್ಸಿನ ನೇತ್ರಾಲಯದಲ್ಲಿಯೂ ಬ್ಲ್ಯಾಕ್‌ಫ್ರಯರ್ಸಿನ ಚರ್ಮರೋಗದ ಆಸ್ಪತ್ರೆಯಲ್ಲಿಯೂ ಇವನಿಗೆ ಕೆಲಸವಿದ್ದಿತು. ಮೂರ್‌ಫೀಲ್ಡ್ಸಿನ ಸಂಸ್ಥೆಯು ೧೮೦೫ರಲ್ಲಿ, ಈಜಿಪ್ಟಿನ ಯುದ್ಧದಿಂದ ಮರಳಿದ ಸೈನಿಕರು ತಂದ ಕಣ್ಣುಬೇನೆಯು ಹರಡಿದ್ದ ಕಾಲದಲ್ಲಿ ಹುಟ್ಟಿದುದು. ಒಂದೆಡೆ ಕಂಡುದನ್ನು ಇನ್ನೊಂದೆಡೆ ಪರೀಕ್ಷಿಸಿ ನೋಡುವ ಅವಕಾಶವು ಹಚಿನ್‌ಸನ್ನನಿಗಿದ್ದಂತೆ ಬೇರೆಯವರಿಗೆ ವಿರಳವಾಗಿದ್ದಿತು.

ಆ ಕಾಲದಲ್ಲಿ ಮಕ್ಕಳ ಎರಡು ಕಣ್ಣುಗಳ ಕಾರ್ನಿಯಾವೂ ಒಂದಾದಮೇಲೊಂದು ಉರಿಗಾಜಿನಂತೆ ಮಬ್ಬಾಗುವ ಒಂದು ಬೇನೆಯು ನೇತ್ರಾಲಯಗಳಲ್ಲಿ ಸಾಮಾನ್ಯವಾಗಿದ್ದಿತು. ಇದನ್ನು ಗಂಡಮಾಲೆಯ ಪ್ರಕೃತಿಯುಳ್ಳ ಮಕ್ಕಳಿಗೆ ಬರುವ ಬೇನೆಯೆಂದು ಎಲ್ಲರೂ ನಂಬಿದ್ದರು. ಹಚಿನ್‌ಸನ್ನನಾದರೋ ಕಣ್ಣನ್ನು ನೋಡಿದಮೇಲೆ ಮಗುವಿನ ಬಾಯಿಯನ್ನು ತೆರೆಯಿಸಿ ನೋಡಿದನು. ಮೇಲುಸಾಲಿನ ನಡುಹಲ್ಲುಗಳು ಕಿರಿದಾಗಿ ಅಂಚಿನಲ್ಲಿ ಕಚ್ಚು ಬಿದ್ದಿದ್ದುವು. ಬಾಯಿಯ ಕೊನೆಗಳಲ್ಲಿ ಚರ್ಮವು ಒಡೆದು ಮಾಯ್ದ ಗೀರುಗಳಿದ್ದುವು. ಮೂಗಿನ ದೂಲವು ತಗ್ಗಿದ್ದಿತು. ಕೆಲವರಿಗೆ ಕಿವಿಯೂ ಕೇಳಿಸುತ್ತಿರಲಿಲ್ಲ. ತಾಯಂದಿರನ್ನು ವಿಚಾರಿಸಲಾಗಿ ಆ ಮಕ್ಕಳಿಗೆ ಹಸುಗೂಸಿನಲ್ಲಿ ಮೈಮೇಲೆ ದದ್ದು ಎದ್ದಿದ್ದುದು ತಿಳಿಯಬಂದಿತು. ಇವೆಲ್ಲವನ್ನೂ ಕೂಡಿಸಿ, ಆ ಕಣ್ಣುಬೇನೆಯು ತಂದೆತಾಯಿಗಳಿಂದ ಬಂದ ಫಿರಂಗಿರೋಗದ ಫಲವೆಂದು ಅವನು ೧೮೫೮ರ ಸುಮಾರಿನಿಂದ ವಾದಿಸತೊಡಗಿ, ೧೮೬೩ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಸಮಕಾಲೀನರು ಸುಲಭವಾಗಿ ಒಪ್ಪಲಿಲ್ಲ. ಆ ರೋಗದ ಕ್ರಿಮಿಯು ೧೯೦೫ರಲ್ಲಿ ಷೌಡಿನ್ ಎಂಬ ಪ್ರಾಣಿಶಾಸ್ತ್ರಜ್ಞನಿಗೂ ಹೋಫ್‌ಮನ್ ಎಂಬ ಚರ್ಮವೈದ್ಯನಿಗೂ ಗೋಚರಿಸಿ, ಮರುವರ್ಷ ವಾಸೆರ್‌ಮನ್ನನು ರಕ್ತಪರೀಕ್ಷೆಯನ್ನು ರೂಪಿಸಿದಮೇಲೆ ಹಚಿನ್‌ಸನ್ನನ ಸಿದ್ಧಾಂತಕ್ಕೆ ಪ್ರಯೋಗಶಾಲೆಯ ಪ್ರಮಾಣವೂ ದೊರೆಯಿತು. ಕಾರ್ನಿಯಾದ ಮಬ್ಬು, ಹಲ್ಲಿನ ಕಚ್ಚು, ಕಿವುಡು ಎಂಬ ಮೂರಕ್ಕೂ ಸೇರಿ ಅವನ ಹೆಸರಿನ ತ್ರಯವೆಂಬ ರೂಢಿಯುಂಟಾಯಿತು.

ಶಿಕ್ಷಣದ ದೃಷ್ಟಿಯಿಂದ ಇದಕ್ಕಿಂತಲೂ ಬೆಲೆಯುಳ್ಳದು ಸರ್ಪಸುತ್ತಿನ ವಿಷಯದಲ್ಲಿ ಅವನು ಮಾಡಿದ ನಿರೀಕ್ಷಣೆ. ಹಣೆಯನ್ನೂ ರೆಪ್ಪೆಯನ್ನೂ ಹಿಡಿದ ಸರ್ಪಸುತ್ತಿನ ರೋಗಿಗಳಲ್ಲಿ ಕೆಲವರಿಗೆ ಕಣ್ಣು ಕೆಡುವುದೂ ಕೆಲವರಿಗೆ ಕೆಡದಿರುವುದೂ ಏಕೆಂಬುದನ್ನು ಅವನು ವಿಚಾರಿಸಿದನು. ಗುಳ್ಳೆಗಳು ಮೂಗಿನ ಪಕ್ಕಕ್ಕೂ ತುದಿಗೂ ಇಳಿದಲ್ಲಿ ಕಣ್ಣಿಗೆ ಅಪಾಯವು ಹೆಚ್ಚೆಂದು ಕಂಡುಬಂದಿತು. ಮೂಗಿನ ತುದಿಯ ಚರ್ಮಕ್ಕೂ ಕಣ್ಣುಗುಡ್ಡೆಗೂ ಒಂದೇ ನರದ ಕವಲುಗಳು ಹೋಗುವುದೇ ಇದಕ್ಕೆ ಕಾರಣ. ೧೮೬೫ರಲ್ಲಿ ಮೂರ್‌ಫೀಲ್ಡ್ಸ್ ನೇತ್ರಾಲಯದ ವರದಿಗಳಲ್ಲಿ ಪ್ರಕಟವಾದ ಈ ಸಂಗತಿಯು ಹಚಿನ್‌ಸನ್ನನ ಚಿಹ್ನೆಯೆಂದು ಇಂದಿಗೂ ಬೋಧಿಸಲ್ಪಡುತ್ತಿದೆ. ಈ ಚಿಹ್ನೆಯು ಇಲ್ಲದಿದ್ದಲ್ಲಿಯೂ ಕಣ್ಣು ಕೆಡುವುದುಂಟೆಂಬುದನ್ನು ಮಾತ್ರ ಕಲಿಯುವವನು ಮರೆಯತಕ್ಕುದಲ್ಲ.

ಇಲ್ಲಿ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಅನೇಕ ರೋಗಗಳಲ್ಲಿ ಚರ್ಮವು ಮೊದಲು ಸುದ್ದಿ ಹೇಳುತ್ತದೆ; ಕಣ್ಣು ಆಮೇಲೆ ಕೆಡುತ್ತದೆ. ಇವೆರಡರ ನಡುವಣ ಅವಧಿಯು ಕೆಲವು ದಿನಗಳದಾಗಿರಬಹುದು, ಕೆಲವು ವರ್ಷಗಳದಾಗಿರಬಹುದು. ನೇತ್ರವೈದ್ಯನು ಚರ್ಮದ ಲಿಪಿಯನ್ನು ಓದಲು ಕಲಿತಿದ್ದರೆ ಆ ಅವಧಿಯು ರೋಗಿಗೆ ದಕ್ಕುವುದು, ಇಲ್ಲವಾದರೆ ವ್ಯರ್ಥವಾಗುವುದು.

೪

ಹಚಿನ್‌ಸನ್ನನ ವಿಚಾರದಲ್ಲಿ ಸ್ತುತಿಯೊಂದನ್ನೇ ಹೇಳಿ ನಿಲ್ಲಿಸುವುದು ಚರಿತ್ರೆಯ ಧರ್ಮವಲ್ಲ. ಕೆಟ್ಟ ಮೀನನ್ನು ತಿನ್ನುವುದರಿಂದ ಕುಷ್ಠರೋಗವು ಬರುವುದೆಂದು ಅವನು ದೃಢವಾಗಿ ನಂಬಿದ್ದನು. ನಾರ್ವೆ ದೇಶದ ಆರ್ಮೌವರ್ ಹ್ಯಾನ್‌ಸೆನ್ನನು ೧೮೭೩ರಲ್ಲಿಯೇ ಕುಷ್ಠದ ಕ್ರಿಮಿಯನ್ನು ಕಂಡಿದ್ದರೂ ಆ ನಂಬಿಕೆಯು ಹೋಗಲಿಲ್ಲ. ಅದಕ್ಕೆ ಆಧಾರಗಳನ್ನು ಹುಡುಕುತ್ತ ೧೯೦೩ರಲ್ಲಿ ಇಳಿವಯಸ್ಸಿನಲ್ಲಿ ಅವನು ಭಾರತದೇಶವನ್ನು ಸುತ್ತಿದನು. ೧೯೦೬ರಲ್ಲಿ ಕುಷ್ಠವನ್ನೂ ಮತ್ಸ್ಯಾಹಾರವನ್ನೂ ಕುರಿತು ಗ್ರಂಥವನ್ನು ಬರೆದನು. ಮೀನನ್ನೇ ಮುಟ್ಟದ ಜನರಲ್ಲಿಯೂ ಕುಷ್ಠವಿರುವ ಈ ದೇಶದಲ್ಲಿ ಆ ವಾದವು ನಿಲ್ಲುವಂತಿರಲಿಲ್ಲ. ಎರಡು ಲಕ್ಷಣಗಳು ಜೊತೆಯಾಗಿರುವುದನ್ನು ಕಾಣುವ ಚುರುಕುಗಣ್ಣು ಒಮ್ಮೆ ಸತ್ಯವನ್ನೂ ಇನ್ನೊಮ್ಮೆ ಭ್ರಾಂತಿಯನ್ನೂ ತರಬಲ್ಲದು. ಆದಕಾರಣ ಕೇವಲ ನಿರೀಕ್ಷಣೆಯನ್ನು ಕಲಿಸಿದರೆ ಸಾಲದು, ಕಾರಣವಿಚಾರವನ್ನೂ ಕಲಿಸಬೇಕೆಂಬುದು ಈ ಪ್ರಸಂಗದಿಂದ ತಿಳಿಯಬೇಕಾದ ನೀತಿ.

ಕುಷ್ಠದಲ್ಲಿ ಕಣ್ಣು ಕೆಡುವ ಬಗೆಯನ್ನು ಸರಿಯಾದ ಮಾರ್ಗದಲ್ಲಿ ವಿಚಾರಿಸಿದವರು ನಾರ್ವೆಯವರೇ. ಓಲೆ ಬುಲ್ ಎಂಬ ನೇತ್ರವೈದ್ಯನೂ ಹ್ಯಾನ್‌ಸೆನ್ನನೂ ಸೇರಿ ೧೮೭೩ರಲ್ಲಿ ಕುಷ್ಠಜನ್ಯ ನೇತ್ರರೋಗಗಳನ್ನು ಕುರಿತು ಪುಸ್ತಕವನ್ನು ಹೊರಡಿಸಿದರು. ಒಬ್ಬನು ಕಣ್ಣನ್ನು ಬಲ್ಲವನು, ಇನ್ನೊಬ್ಬನು ಕುಷ್ಠವನ್ನು ಬಲ್ಲವನು. ಎರಡು ವಿದ್ಯೆಗಳು ಒಬ್ಬನಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ, ಇಬ್ಬರು ಒಂದೇ ಹಾಸಿಗೆಯ ಪಕ್ಕದಲ್ಲಿ ನಿಂತರೂ ಸಾಕು ಎಂಬುದಕ್ಕೆ ಇದು ದೃಷ್ಟಾಂತ. ಕುಷ್ಠದಲ್ಲಿ ಹುಬ್ಬಿನ ಕೂದಲು ಉದುರುತ್ತದೆ. ಮುಖದ ನರವು ಕೆಟ್ಟು ರೆಪ್ಪೆಯು ಮುಚ್ಚದಾಗುತ್ತದೆ. ಕಾರ್ನಿಯಾದ ಸ್ಪರ್ಶಜ್ಞಾನವು ಹೋಗುತ್ತದೆ. ತೆರೆದೇ ಇರುವ, ನೋವೇ ತಿಳಿಯದ ಕಣ್ಣಿಗೆ ಧೂಳು ಬಿದ್ದು ಹುಣ್ಣಾದರೂ ರೋಗಿಯು ವೈದ್ಯನ ಬಳಿಗೆ ಬರುವುದಿಲ್ಲ. ಕೆನ್ನೆಯ ಮೇಲಣ ಮಚ್ಚೆಯು ಒಮ್ಮೆಗೇ ಕೆಂಪೇರಿ ಊದಿಕೊಂಡರೆ ರೆಪ್ಪೆಯ ಬಲವು ಕುಂದುವ ಸಮಯವು ಸಮೀಪಿಸಿತೆಂದು ಎಣಿಸಬೇಕು. ಇಲ್ಲಿಯೂ ಮೊದಲು ನುಡಿಯುವುದು ಚರ್ಮವೇ.

೫

ವಿದ್ಯೆಗಳ ವಿಭಾಗದಿಂದ ಒಂದೇ ರೋಗವು ಎರಡು ಕಡೆ ಎರಡು ಬಾರಿ ಕಾಣಿಸಿಕೊಂಡ ಸಂಗತಿಗೆ ಇಪ್ಪತ್ತನೆಯ ಶತಮಾನದ ನಿದರ್ಶನವೊಂದುಂಟು. ಅಥೆನ್ಸಿನ ನೇತ್ರವೈದ್ಯನಾದ ಬೆನೆಡಿಕ್ಟೋಸ್ ಅಡಮಾಂಟಿಯಾಡಿಸನು ೧೯೩೦ರಲ್ಲಿ ಅಲ್ಲಿಯ ವೈದ್ಯಸಭೆಯ ಮುಂದೆ ಇಪ್ಪತ್ತು ವರ್ಷದ ಒಬ್ಬ ತರುಣನ ವೃತ್ತಾಂತವನ್ನು ನಿವೇದಿಸಿದನು. ಆ ತರುಣನ ಕಣ್ಣುಗಳಲ್ಲಿ ಮತ್ತೆಮತ್ತೆ ಉರಿಯೂತವುಂಟಾಗಿ ಕೀವು ನಿಲ್ಲುತ್ತಿದ್ದಿತು. ಬಾಯಿಯಲ್ಲಿಯೂ ಗುಹ್ಯಾಂಗದಲ್ಲಿಯೂ ಹುಣ್ಣುಗಳಿದ್ದುವು. ಮರುವರ್ಷ ಆ ಲೇಖನವು ಫ್ರಾನ್ಸಿನ ನೇತ್ರವೈದ್ಯರ ಪತ್ರಿಕೆಯಲ್ಲಿ ಅಚ್ಚಾಯಿತು. ಇತ್ತ ಇಸ್ತಾಂಬುಲಿನ ಚರ್ಮವೈದ್ಯನಾದ ಹುಲೂಸಿ ಬೆಹ್‌ಚೆತ್ ಎಂಬವನು ಇಂತಹುದೇ ಲಕ್ಷಣಗಳುಳ್ಳ ರೋಗಿಯೊಬ್ಬನನ್ನು ೧೯೨೪ರ ಸುಮಾರಿನಿಂದ ಗಮನಿಸುತ್ತಿದ್ದನು. ೧೯೩೭ರಲ್ಲಿ ಅವನು ಇವುಗಳೆಲ್ಲವೂ ಒಂದೇ ವ್ಯಾಧಿಯ ಅಂಗಗಳೆಂದು ಜರ್ಮನಿಯ ಚರ್ಮವೈದ್ಯರ ಪತ್ರಿಕೆಯಲ್ಲಿ ಸಾರಿದನು. ೧೯೪೭ರಲ್ಲಿ ಜಿನೀವಾದ ಸಮ್ಮೇಳನದಲ್ಲಿ ಆ ವ್ಯಾಧಿಗೆ ಬೆಹ್‌ಚೆತನ ಹೆಸರು ಸೂಚಿತವಾಯಿತು. ಈಚೆಗೆ ಹಲವರು ಗ್ರೀಕ್ ಪಂಡಿತನ ಹೆಸರನ್ನೂ ಜೊತೆಗೆ ಸೇರಿಸುತ್ತಾರೆ.

ಇಬ್ಬರ ಊರುಗಳೂ ಈಜಿಯನ್ ಸಮುದ್ರದ ಎರಡು ಕಡೆಗಳವು, ದೂರವೇನೂ ಹೆಚ್ಚಲ್ಲ. ಆದರೆ ಒಬ್ಬನು ಬರೆದುದು ಕಣ್ಣಿನವರು ಓದುವ ಪತ್ರಿಕೆಯಲ್ಲಿ, ಇನ್ನೊಬ್ಬನು ಬರೆದುದು ಚರ್ಮದವರು ಓದುವ ಪತ್ರಿಕೆಯಲ್ಲಿ. ಈ ವ್ಯಾಧಿಯಲ್ಲಿ ಬಾಯಿಯ ಹುಣ್ಣು ಅನೇಕ ವೇಳೆ ಕಣ್ಣಿನ ಬೇನೆಗಿಂತ ವರ್ಷಗಳಷ್ಟು ಮುಂಚೆಯೇ ಬರುತ್ತದೆ. ಕೆಂಗಣ್ಣಿನಿಂದ ಬಂದವನನ್ನು ಬಾಯಿಯ ಹುಣ್ಣಿನ ವಿಚಾರವಾಗಿ ಕೇಳುವ ಅಭ್ಯಾಸವಿಲ್ಲದ ವೈದ್ಯನು ಈ ರೋಗವನ್ನು ಹತ್ತು ಸಲ ಕಂಡರೂ ಒಂದು ಸಲವೂ ಗುರುತಿಸಲಾರನು.

೬

ಕಲಿಸುವ ಸಾಧನಗಳ ಕಡೆಗೆ ನೋಡುವುದಾದರೆ, ಚರ್ಮರೋಗಗಳನ್ನು ಮಾತಿನಿಂದ ಕಲಿಸುವುದು ಕಷ್ಟವೆಂದು ಹಿಂದಿನವರು ಚೆನ್ನಾಗಿ ಅರಿತಿದ್ದರು. ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಜೂಲ್ ಬಾರೆತಾ ಎಂಬ ಶಿಲ್ಪಿಯು ರೋಗಿಗಳ ಮೈಯಿಂದಲೇ ಅಚ್ಚು ತೆಗೆದು ಮೇಣದ ಪ್ರತಿಕೃತಿಗಳನ್ನು ಮಾಡಿದನು. ನಾಲ್ಕು ಸಾವಿರಕ್ಕೂ ಮೀರಿದ ಅಂತಹ ಪ್ರತಿಕೃತಿಗಳು ಅಲ್ಲಿಯ ಸಂಗ್ರಹಾಲಯದಲ್ಲಿ ಉಳಿದಿವೆ. ೧೮೮೯ರಲ್ಲಿ ಚರ್ಮವೈದ್ಯರ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನವು ನೆರೆದುದು ಅದೇ ಆಸ್ಪತ್ರೆಯಲ್ಲಿ. ಹಚಿನ್‌ಸನ್ನನು ವರ್ಣಚಿತ್ರಗಳನ್ನು ಅಪಾರವಾಗಿ ಕೂಡಿಹಾಕಿ, ೧೮೯೯ರಲ್ಲಿ ಲಂಡನ್ನಿನಲ್ಲಿ ಪದವೀಧರ ವೈದ್ಯರಿಗಾಗಿ ಹುಟ್ಟಿದ ಪಾಲಿಕ್ಲಿನಿಕ್ ಎಂಬ ವಿದ್ಯಾಲಯದಲ್ಲಿ ಅವುಗಳನ್ನಿಟ್ಟು ಬೋಧಿಸಿದನು. ಕಣ್ಣು, ಚರ್ಮ, ಮೂಳೆ ಎಂಬ ಭೇದವಿಲ್ಲದೆ ಎಲ್ಲವನ್ನೂ ಒಂದೇ ಗೋಡೆಯ ಮೇಲೆ ಕಾಣಬಹುದಾಗಿದ್ದುದು ಆ ಸಂಗ್ರಹದ ಗುಣ.

ಅಮೆರಿಕೆಯಲ್ಲಿ ವಿಶೇಷ ವೈದ್ಯರನ್ನು ಪರೀಕ್ಷಿಸುವ ಮಂಡಲಿಗಳಲ್ಲಿ ಮೊದಲನೆಯದು ನೇತ್ರವೈದ್ಯರದೇ; ಅದು ೧೯೧೬ರಲ್ಲಿ ಏರ್ಪಟ್ಟಿತು. ಚರ್ಮವೈದ್ಯರ ಮಂಡಲಿಯು ೧೯೩೨ರಲ್ಲಿ ಬಂದಿತು. ಪರೀಕ್ಷೆಗಳು ಬೇರೆಬೇರೆಯಾದಷ್ಟೂ ವಿದ್ಯಾರ್ಥಿಯು ತನ್ನ ಪರೀಕ್ಷೆಗೆ ಬೇಕಾದುದನ್ನು ಮಾತ್ರ ಓದುವುದು ಸಹಜ. ಹೀಗಾಗಿ ರೆಪ್ಪೆಯ ಚರ್ಮದ ರೋಗಗಳು ನೇತ್ರಶಾಸ್ತ್ರದ ಪುಸ್ತಕಗಳಲ್ಲಿ ಉಳಿದುಕೊಂಡರೂ ರೆಪ್ಪೆಯ ಅಂಚಿನಿಂದಾಚೆಗಿನ ಚರ್ಮವು ಅನೇಕರಿಗೆ ಪರದೇಶವಾಯಿತು.

ಈ ಪರದೇಶದ ಪರಿಚಯವು ಏಕೆ ಬೇಕೆಂಬುದಕ್ಕೆ ಕನ್ನಡನಾಡಿನ ಅನುಭವವೇ ಸಾಕ್ಷಿ. ಸರ್ಪಸುತ್ತಿಗೆ ಕೆಮ್ಮಣ್ಣನ್ನು ಬಳಿಯುವುದೂ, ಸರ್ಪದ ತಲೆಬಾಲಗಳು ಕೂಡಿದರೆ ರೋಗಿಯು ಉಳಿಯನೆಂದು ಹೆದರುವುದೂ ನಮ್ಮ ಹಳ್ಳಿಗಳಲ್ಲಿ ರೂಢಿಯಾಗಿ ಬಂದ ಮಾತು. ಈ ವ್ಯಾಧಿಯು ಒಂದು ನರದ ಹಾದಿಯನ್ನು ಹಿಡಿದು ಸಾಧಾರಣವಾಗಿ ಮೈಯ ನಡುಗೆರೆಯನ್ನು ದಾಟದಾದುದರಿಂದ ತಲೆಬಾಲಗಳು ಕೂಡುವ ಪ್ರಮೇಯವು ಬಾರದು. ನಿಜವಾದ ಭಯವಿರುವುದು ಹಣೆ ಮೂಗುಗಳ ಸರ್ಪಸುತ್ತಿನಲ್ಲಿ. ಗುಳ್ಳೆಯೆದ್ದ ಮೂರು ದಿನಗಳೊಳಗೆ ಈಗಿನ ಔಷಧವನ್ನು ಪ್ರಾರಂಭಿಸಿದರೆ ಕಣ್ಣಿಗೆ ಬರುವ ಕೇಡು ಬಹಳ ಮಟ್ಟಿಗೆ ತಗ್ಗುತ್ತದೆ. ಕೆಮ್ಮಣ್ಣಿನಲ್ಲಿ ಕಳೆದ ವಾರವು ಮತ್ತೆ ಬರುವುದಿಲ್ಲ.

ಇನ್ನೊಂದು ವಿಷಯದಲ್ಲಿ ಯೂರೋಪಿನ ಪಾಠವನ್ನು ಹಾಗೆಯೇ ಒಪ್ಪಿಸುವುದು ಅಪಾಯಕರ. ರೆಪ್ಪೆಯ ಅರ್ಬುದಗಳಲ್ಲಿ ಪಾಶ್ಚಾತ್ಯರಿಗೆ ಹೆಚ್ಚಾಗಿ ಬರುವುದು ಜೇಕಬನು ವರ್ಣಿಸಿದ ಹುಣ್ಣು. ಹತ್ತರಲ್ಲಿ ಎಂಟೊಂಬತ್ತು ಪಾಲು ಅದೇ. ಭಾರತದಲ್ಲಿಯಾದರೋ ಮೈಬೋಮನ ಗ್ರಂಥಿಗಳೇ ಮೊದಲಾದ ತೈಲಗ್ರಂಥಿಗಳಿಂದ ಹುಟ್ಟುವ ಅರ್ಬುದದ ಪ್ರಮಾಣವು ಅಲ್ಲಿಗಿಂತ ಎಷ್ಟೋ ಅಧಿಕ. ಇದು ರೆಪ್ಪೆಯ ಸಾಮಾನ್ಯ ಗಂಟಿನಂತೆಯೂ ಅಂಚಿನ ಉರಿಯಂತೆಯೂ ವೇಷ ಹಾಕುತ್ತದೆ. ಜೇಕಬನ ಹುಣ್ಣಿನಂತೆ ಇದ್ದಲ್ಲಿಯೇ ಇರದೆ ದೇಹದಲ್ಲಿ ಹರಡಿ ಪ್ರಾಣವನ್ನೂ ತೆಗೆಯಬಲ್ಲದು. ಕತ್ತರಿಸಿದ ಗಂಟು ಅದೇ ಸ್ಥಳದಲ್ಲಿ ಮತ್ತೆ ಎದ್ದರೆ ಅದರ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಲೇಬೇಕೆಂಬ ಪಾಠವು ಇಲ್ಲಿಯ ವಿದ್ಯಾರ್ಥಿಗೆ ಮೊದಲನೆಯದಾಗಬೇಕು.

ಔಷಧಸೇವನೆಯಿಂದ ಮೈಯೆಲ್ಲ ಬೊಬ್ಬೆಯೆದ್ದು ಚರ್ಮ ಸುಲಿಯುವ ವ್ಯಾಧಿಯೂ ಇಲ್ಲಿ ಸ್ಮರಣೀಯ. ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ವೈದ್ಯರು ೧೯೨೨ರಲ್ಲಿ ಇಬ್ಬರು ಮಕ್ಕಳಲ್ಲಿ ಇದನ್ನು ವರ್ಣಿಸಿದಾಗಲೇ ಜ್ವರ, ದದ್ದು, ಬಾಯಿಹುಣ್ಣುಗಳೊಂದಿಗೆ ಕಣ್ಣಿನ ತೀವ್ರವಾದ ಉರಿಯೂತವನ್ನೂ ಹೇಳಿದ್ದರು. ಪ್ರಾಣವನ್ನುಳಿಸುವ ಗಡಿಬಿಡಿಯಲ್ಲಿ ಕಣ್ಣನ್ನು ಮರೆತರೆ ರೆಪ್ಪೆಯೂ ಗುಡ್ಡೆಯೂ ಅಂಟಿಕೊಂಡು, ಬದುಕಿದ ರೋಗಿಯು ಕುರುಡನಾಗಿ ಮನೆಗೆ ಹೋಗುತ್ತಾನೆ. ಮೊದಲನೆಯ ದಿನವೇ ನೇತ್ರವೈದ್ಯನು ಚರ್ಮದ ವಾರ್ಡಿಗೆ ನಡೆದುಬರಬೇಕಾದ ರೋಗವಿದು.

ಮೇಲೆ ಹೇಳಿದುದೆಲ್ಲವನ್ನೂ ಕೂಡಿಸಿ ನೋಡಿದರೆ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ನೇತ್ರವೈದ್ಯನಿಗೆ ಚರ್ಮರೋಗಗಳನ್ನು ಕಲಿಸುವುದು ಹೊಸ ಭಾರವನ್ನು ಹೊರಿಸುವುದಲ್ಲ. ಪ್ಲೆಂಕನ ಕಾಲದಲ್ಲಿ ಜೊತೆಯಲ್ಲಿದ್ದು ಆಮೇಲೆ ಕೈಬಿಟ್ಟುಹೋದುದನ್ನು ಹಿಂದಿರುಗಿಸುವುದು. ಎರಡನೆಯದಾಗಿ, ಹಚಿನ್‌ಸನ್ನನಂತೆ ಎಲ್ಲವನ್ನೂ ಬಲ್ಲವರು ಇನ್ನು ಹುಟ್ಟುವುದು ದುರ್ಲಭವಾದುದರಿಂದ ಬುಲ್ ಹ್ಯಾನ್‌ಸೆನ್ನರಂತೆ ಇಬ್ಬರು ಕೂಡಿ ನೋಡುವ ಪದ್ಧತಿಯೇ ಅನುಸರಣೀಯ. ತರುಣ ನೇತ್ರವೈದ್ಯನು ಕೆಲವು ತಿಂಗಳಾದರೂ ಚರ್ಮರೋಗಿಗಳ ನಡುವೆ ಓಡಾಡುವುದು ಪುಸ್ತಕದ ಹತ್ತು ಅಧ್ಯಾಯಗಳಿಗಿಂತ ಮೇಲು. ಮೂರನೆಯದಾಗಿ, ಏನನ್ನು ಮೊದಲು ಕಲಿಸಬೇಕೆಂಬುದನ್ನು ಆಯಾ ನಾಡಿನ ರೋಗಗಳೇ ನಿರ್ಣಯಿಸಬೇಕು. ಲಂಡನ್ನಿನ ಪಟ್ಟಿಯು ಬೆಂಗಳೂರಿಗೆ ಸಲ್ಲದು.

ಹಚಿನ್‌ಸನ್ನನ ಕೀರ್ತಿಗೆ ಕಾರಣವಾದುದು ಯಾವ ಯಂತ್ರವೂ ಅಲ್ಲ. ಕಣ್ಣು ತೋರಿಸಲು ಬಂದ ಮಗುವಿನ ಬಾಯಿಯನ್ನು ಅವನು ತೆರೆಯಿಸಿ ನೋಡಿದನು. ನೇತ್ರವೈದ್ಯರ ಶಿಕ್ಷಣವು ಆ ಒಂದು ಅಭ್ಯಾಸವನ್ನು ಉಳಿಸಿಕೊಂಡರೆ ಮಿಕ್ಕುದನ್ನು ಗ್ರಂಥಗಳು ಒದಗಿಸಬಲ್ಲುವು.